ಊಟದ ಹಾಲ್‌ಗೆ ಎಂಥ ಟೇಬಲ್ ಬೇಕು: ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯವನ್ನು ಬೇರೆ ಬೇರೆ ಕಡೆಯಿಂದ ಹಿಡಿದಿವೆ. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಬಡಾವಣೆಗೊಂದು, ಹಳ್ಳಿಗೊಂದು ಸಮುದಾಯ ಭವನ ಏಳುತ್ತಿರುವಾಗ, ಗೋಡೆ ಮತ್ತು ಚಾವಣಿಯ ಬಗ್ಗೆ ವರ್ಷಗಟ್ಟಲೆ ಚರ್ಚಿಸಿದ ಸಮಿತಿಗಳು ಊಟದ ಟೇಬಲ್ ವಿಷಯವನ್ನು ಉದ್ಘಾಟನೆಗೆ ಹದಿನೈದು ದಿನ ಇರುವಾಗ ಕೈಗೆತ್ತಿಕೊಳ್ಳುವುದು ಈ ಪತ್ರಗಳಿಂದ ಕಾಣುತ್ತದೆ. ಮನೆ ಕಟ್ಟುವವರ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ಐದನ್ನೇ ಇಲ್ಲಿ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಬಡಾವಣೆಯ ನಿವಾಸಿಗಳ ಸಂಘ ಚಂದಾ ಎತ್ತಿ ಕಟ್ಟಿಸಿರುವ ಸಮುದಾಯ ಭವನದ ಊಟದ ಹಾಲ್ ಒಳಅಳತೆಯಲ್ಲಿ 60 ಅಡಿ ಉದ್ದ, 30 ಅಡಿ ಅಗಲ ಇದೆ. ನಾಮಕರಣ, ನಿಶ್ಚಿತಾರ್ಥ, ಗಣಪತಿ ಹಬ್ಬದ ಪ್ರಸಾದ, ನಿವೃತ್ತರ ಬೀಳ್ಕೊಡುಗೆ ಇಂಥವಕ್ಕೆ 100ರಿಂದ 300 ಜನ ಸೇರುತ್ತಾರೆ. ಒಂದು ಪಂಕ್ತಿಗೆ 150 ಜನ ಕೂರಬೇಕೆಂಬುದು ಸಮಿತಿಯ ಅಪೇಕ್ಷೆ. ಉಳಿದ ದಿನ ಬೆಳಿಗ್ಗೆ ಅಲ್ಲಿಯೇ ಯೋಗ ತರಗತಿ ನಡೆಯಬೇಕು. ಸಮಿತಿಯಲ್ಲಿ ಒಬ್ಬರು ಗ್ರಾನೈಟ್ ಎನ್ನುತ್ತಾರೆ, ಒಬ್ಬರು ಸ್ಟೀಲ್ ಎನ್ನುತ್ತಾರೆ, ಹಿರಿಯರೊಬ್ಬರು ತೇಗದ ಮರವನ್ನೇ ಹಾಕಿಸೋಣ ಎಂದು ಹಟ ಹಿಡಿದಿದ್ದಾರೆ. ಟೇಬಲ್ ಏಕೆ, ನೆಲದ ಪಂಕ್ತಿಯೇ ಸಾಕು ಎನ್ನುವವರೂ ಇದ್ದಾರೆ. ಯಾರ ಮಾತು ಸರಿ?
(ಸಂಘದ ಕಾರ್ಯದರ್ಶಿ, ದಾವಣಗೆರೆ)

ಉತ್ತರ: ನಿಮ್ಮ ಪತ್ರದಲ್ಲಿ ಹಾಲ್‌ನ ಅಳತೆ ಇದೆ, ಜನರ ಲೆಕ್ಕವಿದೆ, ಸಮಿತಿಯ ಬಣಗಳ ವಿವರವೂ ಇದೆ, ಆದರೆ ಊಟವನ್ನು ಹೇಗೆ ಬಡಿಸುತ್ತೀರಿ ಎಂಬುದು ಮಾತ್ರ ಎಲ್ಲಿಯೂ ಇಲ್ಲ. ಕಲ್ಲೋ ಸ್ಟೀಲೋ ಮರವೋ ಎಂಬುದನ್ನು ಕೊನೆಗೆ ಕೇಳಿಕೊಳ್ಳಬೇಕು. ಸಾರಿನ ಬಕೆಟ್ಟು ಹಿಡಿದು ಬರುವವರು ಎಲ್ಲಿ ನಡೆಯುತ್ತಾರೆ ಎಂಬುದು ಮೊದಲು ತೀರ್ಮಾನವಾಗಲಿ. ಟೇಬಲ್‌ನ ಅಗಲ, ಎತ್ತರ, ಕಾಲಿನ ಜಾಗ, ಒಟ್ಟು ಸಂಖ್ಯೆ ಇವೆಲ್ಲ ಅದರ ಹಿಂದೆ ತಾವಾಗಿ ಬರುತ್ತವೆ.

ನಮ್ಮ ಕಡೆಯ ಊಟ ಎಲೆಯ ಮೇಲೆ, ಪಂಕ್ತಿಯಲ್ಲಿ, ಎದುರಿನಿಂದ ಬಡಿಸುವ ಊಟ. ಉಪ್ಪು, ಪಲ್ಯ, ಕೋಸಂಬರಿಯಿಂದ ಹಿಡಿದು ಹೋಳಿಗೆ, ತುಪ್ಪ, ಅನ್ನ, ಸಾರು, ಮಜ್ಜಿಗೆಯವರೆಗೆ ಒಂದೊಂದು ಎಲೆಯ ಮುಂದೆ ಬಡಿಸುವವರು ಹತ್ತು ಹನ್ನೆರಡು ಸಲ ಬಾಗುತ್ತಾರೆ. ಆದ್ದರಿಂದ ಊಟಕ್ಕೆ ಕುಳಿತವರು ಟೇಬಲ್‌ನ ಒಂದೇ ಬದಿಯಲ್ಲಿ ಇದ್ದು, ಇನ್ನೊಂದು ಬದಿ ಬಡಿಸುವವರಿಗೆ ತೆರವಾಗಿರಬೇಕು. ಎರಡೂ ಬದಿಯಲ್ಲಿ ಜನರನ್ನು ಕೂರಿಸಿದರೆ ಬಡಿಸುವವರು ಕುಳಿತವರ ಹೆಗಲ ಮೇಲಿಂದ ಕೈ ಚಾಚಬೇಕಾಗುತ್ತದೆ. ಬಂಧುಗಳೊಬ್ಬರ ಗೃಹಪ್ರವೇಶದಲ್ಲಿ ಹಾಗೆ ಎದುರು ಬದುರು ಕೂರಿಸಿದ್ದ ಸಾಲಿನಲ್ಲಿ ಸಾರಿನ ಬಕೆಟ್ಟು ನನ್ನ ಕೈಯಲ್ಲಿತ್ತು. ಹಿಂದಿನ ಕುರ್ಚಿಯವರು ಎದ್ದು ನಿಂತ ರಭಸಕ್ಕೆ ಒಂದು ಸೌಟು ಬಿಸಿ ಸಾರು ಹಿರಿಯರೊಬ್ಬರ ರೇಷ್ಮೆ ಶಲ್ಯದ ಮೇಲೆ ಹೋಯಿತು. ಅವರು ನಕ್ಕು ಸುಮ್ಮನಾದರು, ನಾನು ಮಾತ್ರ ಅಂದಿನಿಂದ ಯಾವ ಊಟದ ಹಾಲ್‌ಗೆ ಹೋದರೂ ಮೊದಲು ಸಾಲುಗಳ ನಡುವಿನ ಜಾಗವನ್ನು ಹೆಜ್ಜೆ ಹಾಕಿ ಅಳೆಯುತ್ತೇನೆ.

ನಿಮ್ಮ ಹಾಲ್‌ನ ಲೆಕ್ಕವನ್ನೇ ಮಾಡೋಣ. ಒಬ್ಬರಿಗೆ ಉದ್ದದಲ್ಲಿ ಎರಡು ಅಡಿ ಬೇಕು. ಊಟದ ಎಲೆ ಸುಮಾರು ಒಂದೂವರೆ ಅಡಿಯಿಂದ ಎರಡು ಅಡಿ ಉದ್ದ ಇರುತ್ತದೆ. ಅದಕ್ಕಿಂತ ಕಡಿಮೆ ಕೊಟ್ಟರೆ ಒಬ್ಬರ ಎಲೆಯ ತುದಿ ಇನ್ನೊಬ್ಬರ ಎಲೆಯ ಮೇಲೆ ಹತ್ತುತ್ತದೆ. ಮುದ್ದೆ ಮುರಿದು ಸಾರಿನಲ್ಲಿ ಅದ್ದುವವರಿಗೆ ಮೊಣಕೈ ಆಡಲು ಇಷ್ಟಾದರೂ ಬೇಕೇ ಬೇಕು. ಆರು ಅಡಿಯ ಟೇಬಲ್‌ಗೆ ಮೂವರು ಎಂದಾಯಿತು. 60 ಅಡಿ ಉದ್ದದಲ್ಲಿ ಎಂಟು ಟೇಬಲ್ ಇಟ್ಟರೆ 48 ಅಡಿ ತುಂಬುತ್ತದೆ. ಉಳಿದ 12 ಅಡಿಯಲ್ಲಿ ನಾಲ್ಕು ಟೇಬಲ್ ಆದ ಮೇಲೆ ಮೂರು ಅಡಿ ಸಂದು ಬಿಟ್ಟು, ಎರಡು ತುದಿಗಳಲ್ಲಿ ನಾಲ್ಕೂವರೆ ಅಡಿಯಂತೆ ಉಳಿಸಿಕೊಳ್ಳಿ. ನಡುವಿನ ಸಂದು ಇಲ್ಲದಿದ್ದರೆ ಅನ್ನದವರು ಒಂದು ಸಾಲಿನಿಂದ ಇನ್ನೊಂದಕ್ಕೆ ಹೋಗಲು ಹಾಲ್ ಸುತ್ತಿ ಬರಬೇಕಾಗುತ್ತದೆ.

ಅಗಲಕ್ಕೆ ಬನ್ನಿ. ಎಡಗೋಡೆಯ ಪಕ್ಕ ಓಡಾಟಕ್ಕೆ ಎರಡು ಅಡಿ, ಕುರ್ಚಿಯಲ್ಲಿ ಕುಳಿತವರಿಗೆ ಎರಡು ಅಡಿ, ಟೇಬಲ್‌ಗೆ ಒಂದೂವರೆ ಅಡಿ, ಆಮೇಲೆ ಬಡಿಸುವ ಓಣಿಗೆ ನಾಲ್ಕು ಅಡಿ. ಓಣಿಯ ಆಚೆ ಮತ್ತೊಂದು ಟೇಬಲ್ ಒಂದೂವರೆ ಅಡಿ, ಕುಳಿತವರಿಗೆ ಎರಡು ಅಡಿ, ಅವರ ಬೆನ್ನ ಹಿಂದೆ ಎರಡು ಅಡಿ. ಬೆನ್ನ ಹಿಂದಿನ ಈ ಎರಡು ಅಡಿಯನ್ನು ಮುಂದಿನ ಸಾಲಿನವರ ಬೆನ್ನಿಗೂ ಹಂಚಿಕೊಂಡು ಇದೇ ವ್ಯವಸ್ಥೆಯನ್ನು ಇನ್ನೊಮ್ಮೆ ಮಾಡಿದರೆ ಒಟ್ಟು 28 ಅಡಿಯಲ್ಲಿ ನಾಲ್ಕು ಸಾಲು ಕೂರುತ್ತವೆ, ಎರಡು ಅಡಿ ಮಿಗುತ್ತದೆ. ಒಂದೊಂದು ಓಣಿಯಿಂದ ಎರಡು ಸಾಲಿಗೆ ಬಡಿಸಬಹುದು. ಸಾಲಿಗೆ 24 ಜನರಂತೆ 96 ಜನ, 32 ಟೇಬಲ್. ನಾಲ್ಕು ಅಡಿಯ ಓಣಿ ದುಬಾರಿ ಎಂದು ಸಮಿತಿಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಬಕೆಟ್ಟು ಹಿಡಿದ ಇಬ್ಬರು ಎದುರಾದಾಗ ಪಕ್ಕಕ್ಕೆ ಸರಿದು ದಾಟಲು ಅದೇ ಕನಿಷ್ಠ ಎಂದು ಅವರಿಗೆ ತಿಳಿಸಿ, ಸಾಧ್ಯವಾದರೆ ಒಂದು ದಿನ ಅವರ ಕೈಗೇ ಬಕೆಟ್ಟು ಕೊಡಿ.

150ರ ಆಸೆಯನ್ನು ಬಿಡಬೇಕೇ ಎಂದರೆ, ಬಿಡುವುದು ಒಳ್ಳೆಯದು ಎಂದೇ ನನ್ನ ಅಭಿಪ್ರಾಯ. ಎರಡೂವರೆ ಅಡಿ ಅಗಲದ ಟೇಬಲ್‌ಗಳನ್ನು ಮೂರು ಸಾಲು ಹಾಕಿ, ಎರಡೂ ಬದಿಯಲ್ಲಿ ಜನರನ್ನು ಕೂರಿಸಿ, ಸಾಲುಗಳ ನಡುವೆ ಮೂರೇ ಅಡಿ ಬಿಟ್ಟರೆ ಇದೇ ಹಾಲ್‌ನಲ್ಲಿ 144 ಜನ ಹಿಡಿಯುತ್ತಾರೆ. ಆದರೆ ಆಗ ಬಡಿಸುವುದು ಹೆಗಲ ಮೇಲಿಂದ, ಎಲೆ ಎತ್ತುವುದೂ ಹೆಗಲ ಮೇಲಿಂದ. 300 ಜನರ ಊಟಕ್ಕೆ 96ರ ಲೆಕ್ಕದಲ್ಲಿ ಮೂರು ಪಂಕ್ತಿ ಮತ್ತು ಮೇಲೆ ಹನ್ನೆರಡು ಜನ. 144ರ ಲೆಕ್ಕದಲ್ಲಿ ಎರಡು ಪಂಕ್ತಿ ಮತ್ತು ಮೇಲೆ ಅದೇ ಹನ್ನೆರಡು ಜನ. ಉಳಿಯುವುದು ಒಂದು ಪಂಕ್ತಿಯ ಸಮಯ, ಅದರಲ್ಲಿಯೂ ಅರ್ಧವನ್ನು ಇಕ್ಕಟ್ಟಿನ ಬಡಿಸುವಿಕೆ ತಿನ್ನುತ್ತದೆ.

ಒಂದೂವರೆ ಅಡಿ ಅಂದರೆ 18 ಅಂಗುಲದ ಅಗಲವನ್ನೇ ನಾನು ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಇಂಥ ಎರಡು ಟೇಬಲ್‌ಗಳನ್ನು ಉದ್ದ ಬದಿಗಳು ತಾಗುವಂತೆ ಜೋಡಿಸಿದರೆ ಮೂರು ಅಡಿ ಅಗಲದ ಟೇಬಲ್ ಆಗುತ್ತದೆ. ಬೀಳ್ಕೊಡುಗೆಯಂಥ ಕಾರ್ಯಕ್ರಮದಲ್ಲಿ ತಟ್ಟೆಗೆ ತಾವೇ ಬಡಿಸಿಕೊಂಡು ಬಂದು ಎದುರು ಬದುರು ಕುಳಿತು ಮಾತನಾಡುತ್ತಾ ಉಣ್ಣಲು ಅದು ಅನುಕೂಲ, ಮತ್ತು ಅದೇ 32 ಟೇಬಲ್‌ಗಳಲ್ಲಿ ಅದೇ 96 ಜನ ಎರಡೇ ಸಾಲುಗಳಲ್ಲಿ, ಐದು ಅಡಿಗೂ ಮೀರಿದ ದಾರಿಗಳನ್ನು ಬಿಟ್ಟುಕೊಂಡು ಕೂರಬಹುದು. ಶಾಮಿಯಾನದವರ ಬಳಿ 15 ಅಂಗುಲದ ಟೇಬಲ್‌ಗಳೂ ಸಿಗುತ್ತವೆ. ಅವುಗಳಲ್ಲಿ ಒಂದು ಅಡಿಯ ಎಲೆ ಹಾಸಿದ ಮೇಲೆ ನೀರಿನ ಲೋಟಕ್ಕೆ ಉಳಿಯುವುದು ಮೂರು ಅಂಗುಲ. ಬೆಣ್ಣೆ ದೋಸೆಯ ಹೋಟೆಲ್‌ಗಳಲ್ಲಿ ಅಷ್ಟೇ ಕಿರಿದಾದ ಟೇಬಲ್‌ನಲ್ಲಿ ಇಬ್ಬರು ಎದುರು ಬದುರು ಕೂರುತ್ತಾರಲ್ಲ ಎಂದು ಕೇಳಬೇಡಿ. ಅಲ್ಲಿ ಇರುವುದು ಒಂದು ತಟ್ಟೆ, ಒಂದು ಚಟ್ನಿ, ಹತ್ತು ನಿಮಿಷ.

ಎತ್ತರದ ವಿಷಯದಲ್ಲಿ ಕುರ್ಚಿಯನ್ನು ಮೊದಲು ಕೊಂಡು ಆಮೇಲೆ ಟೇಬಲ್ ಮಾಡಿಸಿ. ಕೂರುವ ಮಟ್ಟಕ್ಕೂ ಟೇಬಲ್‌ನ ಮೇಲ್ಮೈಗೂ 11ರಿಂದ 12 ಅಂಗುಲ ಅಂತರವಿರಬೇಕು. ಪ್ಲಾಸ್ಟಿಕ್ ಕುರ್ಚಿಯ ಕೂರುವ ಮಟ್ಟ ಸಾಮಾನ್ಯವಾಗಿ 17 ಅಂಗುಲದ ಆಸುಪಾಸು ಇರುವುದರಿಂದ ಟೇಬಲ್ 28 ಅಥವಾ 29 ಅಂಗುಲ ಇದ್ದರೆ ಚೆನ್ನ. ಕಚೇರಿ ಟೇಬಲ್‌ನ 30 ಅಂಗುಲವನ್ನು ಹಾಗೆಯೇ ನಕಲು ಮಾಡುವವರಿದ್ದಾರೆ. ಅದು ಬರೆಯುವವರ ಅಳತೆ, ಕೈಯಲ್ಲಿ ಕಲಸಿ ಉಣ್ಣುವವರಿಗೆ ಭುಜ ಎತ್ತಿ ಹಿಡಿದಂತಾಗುತ್ತದೆ. ಕಾಲುಗಳನ್ನು ಟೇಬಲ್‌ನ ತೀರ ತುದಿಗೆ ಬೆಸೆಯಿಸಬೇಡಿ. ಎರಡು ಟೇಬಲ್ ಸೇರುವಲ್ಲಿ ಎರಡು ಜೊತೆ ಕಾಲುಗಳು ಒಂದಾಗಿ, ಅಲ್ಲಿ ಕುಳಿತವರ ಮೊಣಕಾಲಿಗೆ ಬಡಿಯುತ್ತವೆ. ತುದಿಯಿಂದ 9 ಅಂಗುಲ ಒಳಗಿದ್ದರೆ ಸಾಕು. ಇನ್ನೂ ಒಳಗೆ ತಂದರೆ ಯಾರಾದರೂ ತುದಿಗೆ ಊರಿ ಎದ್ದಾಗ ಟೇಬಲ್ ಮಗುಚುತ್ತದೆ. ಅಡ್ಡಲಾಗಿ ಮಾತ್ರ ಕಾಲಿನ ಪಾದ ಪೂರ್ತಿ 18 ಅಂಗುಲಕ್ಕೂ ಚಾಚಿರಲಿ, ಏಕೆಂದರೆ ಕಿರಿದಾದ ಟೇಬಲ್ ವಾಲುವುದು ಆ ದಿಕ್ಕಿಗೇ.

ಇಷ್ಟಾದ ಮೇಲೆ ನಿಮ್ಮ ಬಣಗಳ ಜಗಳ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬೆಳಿಗ್ಗೆ ಯೋಗ ನಡೆಯಬೇಕಾದ ಹಾಲ್‌ನಲ್ಲಿ ನೆಲಕ್ಕೆ ಊರಿದ ಗ್ರಾನೈಟ್ ಸಾಧ್ಯವಿಲ್ಲ. ಆರು ಅಡಿ ಉದ್ದ, ಒಂದೂವರೆ ಅಡಿ ಅಗಲ, 18 ಮಿಲಿಮೀಟರ್ ದಪ್ಪದ ಗ್ರಾನೈಟ್ ಹಲಗೆಯೊಂದೇ ಸುಮಾರು 40 ಕಿಲೋ ತೂಗುತ್ತದೆ. ಅದನ್ನು ದಿನವೂ ಎತ್ತಿಡುವವರು ಯಾರು? ತೇಗದ ಬಗ್ಗೆ ಹಿರಿಯರಿಗಿರುವ ಪ್ರೀತಿ ನನಗೂ ಇದೆ. ಆದರೆ ಅರಿಶಿನ, ಎಣ್ಣೆ, ಬಿಸಿ ಪಾತ್ರೆ, ವಾರಕ್ಕೊಮ್ಮೆ ಒದ್ದೆ ಬಟ್ಟೆ ಇವಿಷ್ಟನ್ನು ತಾಳಿಕೊಂಡು ಅದು ತೇಗವಾಗಿ ಕಾಣಬೇಕಾದರೆ ಮತ್ತೆ ಮತ್ತೆ ಪಾಲಿಶ್ ಮಾಡಿಸುವ ಮನೆಯೊಡೆಯ ಬೇಕು. ಸಮುದಾಯ ಭವನಕ್ಕೆ ಮನೆಯೊಡೆಯನಿರುವುದಿಲ್ಲ. ಸಮಿತಿಯ ಸಭೆಗೆ ಒಂದು ತೇಗದ ಮೇಜು ಮಾಡಿಸಿ ಅವರ ಮಾತನ್ನು ಉಳಿಸಿ. ಊಟಕ್ಕೆ ಮಡಚುವ ಕಾಲಿನ, ಸ್ಟೀಲ್ ಹಾಳೆಯ ಟೇಬಲ್ ನಿಮಗೆ ಸರಿಹೊಂದುತ್ತದೆ. ಹಾಳೆ 18 ಗೇಜ್ ಅಂದರೆ ಸುಮಾರು 1.2 ಮಿಲಿಮೀಟರ್ ಇರಲಿ, ಅಂಚು ಒಳಕ್ಕೆ ಮಡಚಿರಲಿ, ಅಡಿಯಲ್ಲಿ ಎರಡು ಅಡ್ಡಪಟ್ಟಿ ಇರಲಿ; ಇಲ್ಲದಿದ್ದರೆ ಲೋಟ ಇಟ್ಟಾಗಲೆಲ್ಲ ಟೇಬಲ್ ತಮಟೆಯಂತೆ ಸದ್ದು ಮಾಡುತ್ತದೆ. ಮಡಚುವ ಕಾಲಿಗೆ ಬೀಗದಂತೆ ಕೂರುವ ಕ್ಲಿಪ್ ಇದೆಯೇ, ಮಕ್ಕಳ ಬೆರಳು ಸಿಕ್ಕುವ ಸಂದು ಇದೆಯೇ ಎಂದು ಮಾದರಿ ಟೇಬಲ್ ಒಂದನ್ನು ಮೊದಲು ತರಿಸಿ ನೋಡಿ.

ನೆಲದ ಪಂಕ್ತಿ ಬೇಕೆನ್ನುವವರಿಗೂ ಇದರಿಂದ ನಷ್ಟವಿಲ್ಲ. ಮಠಗಳ ದಾಸೋಹದಲ್ಲಿ ಇಂದಿಗೂ ನೆಲದ ಮೇಲೆ ಸಾಲು ಸಾಲಾಗಿ ಕೂರುವುದನ್ನು ನಾವೆಲ್ಲ ಕಂಡಿದ್ದೇವೆ. ಟೇಬಲ್‌ಗಳು ಮಡಚಿ ಗೋಡೆಗೆ ನಿಲ್ಲುವಂಥವಾದರೆ ಗಣಪತಿ ಪ್ರಸಾದದ ದಿನ ಜಮಖಾನೆ ಹಾಸಿ, ಮಂಡಿನೋವಿನವರಿಗೆ ಮಾತ್ರ ನಾಲ್ಕು ಟೇಬಲ್ ಹಾಕಬಹುದು.

ಪ್ರಶ್ನೆ: ನಮ್ಮ ಹಳ್ಳಿಯ ಸಮುದಾಯ ಭವನಕ್ಕೆ ದಾನಿಗಳೊಬ್ಬರು ಕಲ್ಲಿನ ಊಟದ ಟೇಬಲ್‌ಗಳನ್ನು ಕೊಟ್ಟಿದ್ದಾರೆ. ಇಟ್ಟಿಗೆ ಕಂಬದ ಮೇಲೆ ಹಲಗೆ ಕೂರಿಸಿ, ಪಕ್ಕದಲ್ಲಿ ಕೂರಲು ಕಲ್ಲಿನ ಬೆಂಚನ್ನೂ ಊರಿದ್ದಾರೆ. ನೋಡಲು ಚೆನ್ನಾಗಿದೆ, ಆದರೆ ವಯಸ್ಸಾದವರು ಒಳಗೆ ನುಗ್ಗಿ ಕೂರಲಾರರು. ಗಾಲಿಕುರ್ಚಿಯಲ್ಲಿ ಬರುವ ಹುಡುಗನೊಬ್ಬನಿಗೆ ಪ್ರತಿಸಲ ಮೂಲೆಯಲ್ಲಿ ಸ್ಟೂಲ್ ಮೇಲೆ ಎಲೆ ಹಾಕುತ್ತೇವೆ. ದಾನಿಗಳ ಮನಸ್ಸು ನೋಯದಂತೆ ಏನು ಮಾಡಬಹುದು? ನಿಂಬೆಹಣ್ಣಿನ ರಸ ಬಿದ್ದಲ್ಲಿ ಹಲಗೆ ಬಿಳಿಚಿಕೊಂಡಿದೆ, ಅದಕ್ಕೂ ಪರಿಹಾರ ತಿಳಿಸಿ.
(ಗ್ರಾಮದ ಯುವಕ ಸಂಘದ ಸದಸ್ಯೆ, ಹೊಸದುರ್ಗ ತಾಲ್ಲೂಕು)

ಉತ್ತರ: ಏಳು ಸುತ್ತಿನ ಕಲ್ಲಿನ ಕೋಟೆಯ ಜಿಲ್ಲೆಯವರಿಗೆ ಕಲ್ಲಿನ ಮೇಲೆ ನಂಬಿಕೆ ಇರುವುದು ಸಹಜ, ಮತ್ತು ಮಡಚಿ ಎತ್ತಿಡುವ ಅಗತ್ಯವಿಲ್ಲದ ಹಾಲ್‌ನಲ್ಲಿ ಕಲ್ಲಿನ ಟೇಬಲ್ ಕೆಟ್ಟ ಆಯ್ಕೆಯೂ ಅಲ್ಲ. ನಿಮ್ಮಲ್ಲಿ ತಪ್ಪಿರುವುದು ಬೆಂಚನ್ನೂ ಊರಿದ್ದರಲ್ಲಿ. ಊರಿದ ಬೆಂಚು ಎಲ್ಲರ ಹೊಟ್ಟೆಗೂ, ಎಲ್ಲರ ಮಂಡಿಗೂ ಒಂದೇ ಅಳತೆಯನ್ನು ನಿಗದಿ ಮಾಡುತ್ತದೆ. ಬಸುರಿಯರು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡವರು, ಕಾಲು ಮಡಚಲಾಗದ ಅಜ್ಜಂದಿರು ಇವರೆಲ್ಲ ಕುರ್ಚಿಯನ್ನು ನಾಲ್ಕು ಅಂಗುಲ ಹಿಂದಕ್ಕೆ ಎಳೆದುಕೊಂಡು ಸುಧಾರಿಸಿಕೊಳ್ಳುತ್ತಾರೆ. ಬೆಂಚನ್ನು ಎಳೆಯಲಾಗುವುದಿಲ್ಲ.

ದಾನಿಗಳ ಹಲಗೆಯನ್ನು ಮುಟ್ಟಬೇಡಿ, ಅವರ ಹೆಸರಿನ ಫಲಕ ಇದ್ದರೆ ಅದೂ ಇರಲಿ. ಪ್ರತಿ ಸಾಲಿನ ಬಾಗಿಲ ಕಡೆಯ ತುದಿಯಲ್ಲಿ ಒಂದೊಂದು ಬೆಂಚನ್ನು ಮಾತ್ರ ತೆಗೆಸಿ, ಅಲ್ಲಿ ಬೆನ್ನೊರಗು ಮತ್ತು ಕೈಯಿರುವ ಕುರ್ಚಿಗಳನ್ನು ಇಡಿ. ಕೈಯಿರುವುದನ್ನೇ ಹೇಳಲು ಕಾರಣ, ಮಂಡಿನೋವಿನವರು ಏಳುವುದು ಕೈ ಊರಿ. ಗಾಲಿಕುರ್ಚಿಗೆ ಬೇಕಾಗುವುದು ಹಲಗೆಯ ಕೆಳಗೆ ನೆಲದಿಂದ 27 ಅಂಗುಲ ಎತ್ತರ, 30 ಅಂಗುಲ ಅಗಲ, ಒಳಕ್ಕೆ ಸುಮಾರು 19 ಅಂಗುಲ ಆಳದ ತೆರವು. ನಿಮ್ಮ ಇಟ್ಟಿಗೆ ಕಂಬಗಳ ನಡುವೆ ಮೂರು ಅಡಿ ಅಂತರ ಇದ್ದರೆ ಅಗಲಕ್ಕೆ ತೊಂದರೆಯಿಲ್ಲ. ಹಲಗೆ 28 ಅಂಗುಲಕ್ಕಿಂತ ತಗ್ಗಿದ್ದರೆ ಒಂದು ತುದಿಯ ಹಲಗೆಯನ್ನು ಬಿಡಿಸಿ, ಕಂಬಕ್ಕೆ ಒಂದು ವರಸೆ ಏರಿಸಿ ಕೂರಿಸಬೇಕಾಗುತ್ತದೆ. ಗಾರೆ ಕೆಲಸದವರಿಗೆ ಅದು ಅರ್ಧ ದಿನದ ಕೆಲಸ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಬಳಸಲು ಬರುವಂತಿರಬೇಕು ಎನ್ನುತ್ತದೆ, ಆದ್ದರಿಂದ ದಾನಿಗಳಿಗೆ ವಿವರಿಸುವಾಗ ನಿಮ್ಮ ಬೆನ್ನಿಗೆ ಕಾನೂನೂ ಇದೆ. ಆದರೆ ನೀವು ಕಾನೂನನ್ನು ಹೇಳುವ ಬದಲು, ಆ ಹುಡುಗನ ಎಲೆಯೂ ಅವರ ಕಲ್ಲಿನ ಮೇಲೆಯೇ ಬೀಳಲಿ ಎಂದು ಕೇಳಿಕೊಂಡರೆ ಅವರೇ ಗಾರೆಯವರನ್ನು ಕಳುಹಿಸಿಯಾರು.

ಇನ್ನು ನಿಂಬೆಯ ಕಲೆ. ಕಪ್ಪಾಗಿ ಹೊಳೆಯುವ ಕಲ್ಲೆಲ್ಲ ಗ್ರಾನೈಟ್ ಅಲ್ಲ. ನಿಮ್ಮದು ಬಹುಶಃ ಕಡಪ ಕಲ್ಲು. ಕಡಪ, ಶಹಾಬಾದ್ ಎರಡೂ ಸುಣ್ಣದ ಕಲ್ಲಿನ ಜಾತಿಯವು. ಹುಣಸೆಹಣ್ಣು, ನಿಂಬೆ, ಮಜ್ಜಿಗೆಯ ಹುಳಿ ಸುಣ್ಣದ ಕಲ್ಲನ್ನು ಕರಗಿಸುತ್ತದೆ; ಗ್ರಾನೈಟ್‌ಗೆ ಆ ಹುಳಿ ತಾಗುವುದಿಲ್ಲ. ಬಿಳಿಚಿಕೊಂಡದ್ದು ಕಲೆಯಲ್ಲ, ಹೊಳಪಿನ ಪದರವೇ ಹೋಗಿದೆ. ಆದ್ದರಿಂದ ಎಷ್ಟು ತೊಳೆದರೂ ಹೋಗುವುದಿಲ್ಲ, ಕಲ್ಲಿನ ಪಾಲಿಶ್‌ನವರಿಂದ ಮತ್ತೆ ಉಜ್ಜಿಸಬೇಕು. ಉಜ್ಜಿಸಿದ ಮೇಲೆಯೂ ಅದೇ ಕಥೆ ಮರುಕಳಿಸುವುದರಿಂದ, ಊಟಕ್ಕೆ ಮುಂಚೆ ಕಾಗದದ ರೋಲ್ ಹಾಸುವುದನ್ನು ತಪ್ಪದೆ ಮಾಡಿ, ಹುಳಿ ಬಿದ್ದ ಕೂಡಲೇ ಒರೆಸಿ. ಹೊಸದಾಗಿ ಕಲ್ಲು ಕೊಳ್ಳುವವರು ಅಂಗಡಿಯಲ್ಲಿ ಬಿದ್ದಿರುವ ಒಂದು ಚೂರನ್ನು ಕೇಳಿ ತಂದು, ಅದರ ಹೊಳಪಿನ ಮೇಲೆ ರಾತ್ರಿಯಿಡೀ ನಿಂಬೆಹೋಳು ಇಟ್ಟು ಬೆಳಿಗ್ಗೆ ನೋಡಿದರೆ ಗುಟ್ಟು ತಿಳಿಯುತ್ತದೆ.

ಪ್ರಶ್ನೆ: ಸ್ಟೀಲ್ ಟೇಬಲ್‌ಗಾಗಿ ಮೂರು ಕೊಟೇಶನ್ ತರಿಸಿದ್ದೇವೆ. ಮೂವರೂ 304 ಸ್ಟೀಲ್ ಎಂದೇ ಬರೆದಿದ್ದಾರೆ, ದರದಲ್ಲಿ ಮಾತ್ರ ಅಜಗಜಾಂತರ. ಆಯಸ್ಕಾಂತ ಹಿಡಿದು ನೋಡಿ, ಅಂಟದಿದ್ದರೆ ಅಸಲಿ ಎಂದು ಒಬ್ಬರು ಹೇಳಿದರು. ನಂಬಬಹುದೇ?
(ಸಮುದಾಯ ಭವನದ ಖಜಾಂಚಿ, ಚಳ್ಳಕೆರೆ)

ಉತ್ತರ: ನಂಬಬೇಡಿ. 304ರಲ್ಲಿ ಸುಮಾರು ನೂರಕ್ಕೆ 18 ಪಾಲು ಕ್ರೋಮಿಯಂ, 8 ಪಾಲು ನಿಕಲ್ ಇರುತ್ತದೆ. 202ರಲ್ಲಿ ದುಬಾರಿಯಾದ ನಿಕಲ್ ಕಡಿಮೆ ಮಾಡಿ ಆ ಜಾಗಕ್ಕೆ ಮ್ಯಾಂಗನೀಸ್ ಸೇರಿಸಿರುತ್ತಾರೆ. ಎರಡಕ್ಕೂ ಆಯಸ್ಕಾಂತ ಅಂಟುವುದಿಲ್ಲ. 430 ಎಂಬ ಇನ್ನೂ ಅಗ್ಗದ ಜಾತಿಗೆ ಅಂಟುತ್ತದೆ, ಆದ್ದರಿಂದ ಆ ಪರೀಕ್ಷೆ 430 ಅನ್ನು ಬಯಲಿಗೆಳೆಯುತ್ತದೆಯೇ ಹೊರತು 202 ಅನ್ನಲ್ಲ. ಮಡಚಿದ ಅಂಚಿನಲ್ಲಿ 304 ಕೂಡ ಸ್ವಲ್ಪ ಸೆಳೆಯುವುದುಂಟು. ಅದನ್ನು ಕಂಡು ಒಳ್ಳೆಯ ಮಾಲನ್ನು ತಿರಸ್ಕರಿಸಬೇಡಿ.

ಮಾಡಬೇಕಾದದ್ದು ಇಷ್ಟು. ಬಿಲ್ಲಿನಲ್ಲಿಯೇ ಗ್ರೇಡ್ ಮತ್ತು ದಪ್ಪ ಎರಡನ್ನೂ ಬರೆಯಿಸಿ, ಹಾಳೆಯ ತಯಾರಕರು ಕೊಡುವ ಪರೀಕ್ಷಾ ಪತ್ರದ ನಕಲು ಕೇಳಿ. ಸ್ಟೀಲ್ ವ್ಯಾಪಾರಿಗಳ ಬಳಿ ಹನಿ ಹಾಕಿ ನೋಡುವ ಪರೀಕ್ಷಾ ದ್ರಾವಣ ಇರುತ್ತದೆ. ಮ್ಯಾಂಗನೀಸ್ ಹೆಚ್ಚಿದ್ದರೆ ಹನಿ ಕೆಂಪಾಗುತ್ತದೆ. ಅದನ್ನು ನಿಮ್ಮೆದುರಿಗೆ ಟೇಬಲ್‌ನ ಅಡಿಭಾಗದಲ್ಲಿ ಹಾಕಿಸಿ. ದಪ್ಪದ ಮೋಸಕ್ಕೆ ತಕ್ಕಡಿಯೇ ಮದ್ದು. ಆರು ಅಡಿ ಉದ್ದ, ಒಂದೂವರೆ ಅಡಿ ಅಗಲದ ಹಾಳೆ 1.2 ಮಿಲಿಮೀಟರ್ ದಪ್ಪವಿದ್ದರೆ ಸುಮಾರು 8 ಕಿಲೋ ತೂಗಬೇಕು; 0.8 ಇದ್ದರೆ 5 ಕಿಲೋಗಿಂತ ತುಸು ಹೆಚ್ಚು ಅಷ್ಟೇ. ನಿಮ್ಮ ಊರಿನಲ್ಲಿ ಎಣ್ಣೆ ಗಿರಣಿಗಳಿಗೇನೂ ಬರವಿಲ್ಲ, ಒಳ್ಳೆಯ ತಕ್ಕಡಿಗೂ ಬರವಿರಲಾರದು.

ಇನ್ನೊಂದು ಮಾತು, ಖಜಾಂಚಿಗಳಾದ್ದರಿಂದ ಹೇಳುತ್ತೇನೆ. ಟೇಬಲ್ ಪೂರ್ತಿ 304 ಆಗಬೇಕಿಲ್ಲ. ಹುಳಿ, ಉಪ್ಪು ಬೀಳುವ ಮೇಲ್ಭಾಗಕ್ಕೆ ಅದು ಸಾರ್ಥಕ. ಕಾಲಿಗೆ ಪೌಡರ್ ಕೋಟಿಂಗ್ ಮಾಡಿದ ಕಬ್ಬಿಣದ ಚೌಕ ಪೈಪು ಸಾಕು, ಆದರೆ ನೆಲ ತೊಳೆದಾಗ ನೀರು ಪೈಪಿನೊಳಗೆ ಏರದಂತೆ ತುದಿಯನ್ನು ಮುಚ್ಚಿ ಬೆಸೆದು ರಬ್ಬರ್ ಬುಷ್ ಹಾಕಿರಬೇಕು. ತುಕ್ಕು ಶುರುವಾಗುವುದು ಯಾವಾಗಲೂ ಕೆಳಗಿನ ಎರಡು ಅಂಗುಲದಿಂದ. ಕೊನೆಯದಾಗಿ, ಕೊಳವೆಬಾವಿಯ ಗಡಸು ನೀರಿನ ಬಿಳಿ ಕಲೆ ತೆಗೆಯಲೆಂದು ಶೌಚಾಲಯಕ್ಕೆ ಹಾಕುವ ಆಸಿಡ್ಡನ್ನಾಗಲಿ, ಬ್ಲೀಚಿಂಗ್ ಪುಡಿಯನ್ನಾಗಲಿ ಸ್ಟೀಲ್ ಮೇಲೆ ಸುರಿಯಲು ಬಿಡಬೇಡಿ. 304 ಕೂಡ ಚುಕ್ಕೆ ಚುಕ್ಕೆಯಾಗಿ ತೂತು ಬೀಳುತ್ತದೆ. ನೀರು ಬೆರೆಸಿದ ವಿನೆಗರ್‌ನಲ್ಲಿ ಒರೆಸಿ, ತೊಳೆದು, ಒಣಬಟ್ಟೆಯಿಂದ ನೀರು ಹೀರಿಸಿದರೆ ಕಲೆ ಹೋಗುತ್ತದೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಸಾಮೂಹಿಕ ಕೊಠಡಿಯಲ್ಲಿ ಪ್ರತಿ ಭಾನುವಾರ ಹಿರಿಯರೆಲ್ಲ ಸೇರಿ ಊಟ ಮಾಡುತ್ತೇವೆ, ಇಪ್ಪತ್ತರಿಂದ ಇಪ್ಪತ್ತೈದು ಜನ. ದುಂಡು ಟೇಬಲ್ ಹಾಕಿದರೆ ಮಾತುಕತೆಗೆ ಚೆನ್ನ ಎಂದು ಮಕ್ಕಳು ಹೇಳುತ್ತಾರೆ. ಸರಿಯೇ?
(ನಿವೃತ್ತ ಶಿಕ್ಷಕಿ, ದಾವಣಗೆರೆ)

ಉತ್ತರ: ಅಮ್ಮಾ, ಮಕ್ಕಳ ಮಾತಿನಲ್ಲಿ ಅರ್ಧ ಸತ್ಯವಿದೆ. ದುಂಡು ಟೇಬಲ್‌ನಲ್ಲಿ ಎಲ್ಲರ ಮುಖ ಎಲ್ಲರಿಗೂ ಕಾಣುತ್ತದೆ, ಕಿವಿ ಮಂದವಾದವರಿಗೆ ಅದು ದೊಡ್ಡ ಉಪಕಾರ. ನಾಲ್ಕು ಅಡಿ ಅಡ್ಡಳತೆಯ ಟೇಬಲ್‌ನ ಸುತ್ತಳತೆ ಹನ್ನೆರಡೂವರೆ ಅಡಿ. ತಲೆಗೆ ಎರಡು ಅಡಿಯಂತೆ ಆರು ಜನ ಕೂರಬಹುದು, ಆರಾಮವಾಗಿ ಐವರು. ಐದು ಅಡಿಯದಕ್ಕೆ ಏಳೆಂಟು ಜನ, ಆದರೆ ಅಷ್ಟು ಅಗಲವಾದರೆ ನಡುವಿನ ಪಾತ್ರೆ ಕೈಗೆಟುಕುವುದಿಲ್ಲ. ಹಾಗಾಗಿ ನಾಲ್ಕು ಅಡಿಯ ಐದು ಟೇಬಲ್ ನಿಮ್ಮ ಬಳಗಕ್ಕೆ ಸಾಕು.

ಈ ಲೆಕ್ಕವೆಲ್ಲ ತಟ್ಟೆಯಲ್ಲಿ ಉಣ್ಣುವವರೆಗೆ ಮಾತ್ರ. ಯುಗಾದಿಗೋ ದೀಪಾವಳಿಗೋ ಎಲೆ ಹಾಕಿದಿರಾದರೆ, ಎಲೆ ಉದ್ದನೆಯದು, ಟೇಬಲ್ ದುಂಡಗಿನದು. ಒಬ್ಬರ ಎಲೆಯ ಎಡತುದಿ ಪಕ್ಕದವರ ಎಲೆಯ ಬಲಮೂಲೆಯನ್ನು ಏರಿ, ಒಬ್ಬರ ಉಪ್ಪು ಇನ್ನೊಬ್ಬರ ಪಾಯಸಕ್ಕೆ ಹೋಗುತ್ತದೆ. ಬಡಿಸುವವರಿಗೂ ಎದುರು ಬದಿ ಎಂಬುದೇ ಇರುವುದಿಲ್ಲ. ನನ್ನ ಆಯ್ಕೆ ಕೇಳಿದರೆ ಮೂರು ಅಡಿ ಅಗಲ, ನಾಲ್ಕು ಅಡಿ ಉದ್ದ, ಮೂಲೆ ದುಂಡಾಗಿಸಿದ ಟೇಬಲ್‌ಗಳನ್ನು ಹೇಳುತ್ತೇನೆ. ಬಿಡಿಬಿಡಿಯಾಗಿಟ್ಟರೆ ನಾಲ್ವರ ಹರಟೆಗೆ ಆಗುತ್ತವೆ, ಸಾಲಾಗಿ ಜೋಡಿಸಿದರೆ ಹಬ್ಬದ ಪಂಕ್ತಿಗೆ ಆಗುತ್ತವೆ. ಕುರ್ಚಿಗಳು ಕೈಯಿರುವಂಥವಾಗಿದ್ದು, ಆ ಕೈ ಟೇಬಲ್‌ನ ಅಡಿಗೆ ತೂರುವಷ್ಟು ತಗ್ಗಿರುವುದನ್ನು ಮಾತ್ರ ಕೊಳ್ಳುವ ಮುಂಚೆ ಕುಳಿತು ನೋಡಿ.

ಪ್ರಶ್ನೆ: ಎರಡು ವರ್ಷದ ಹಿಂದೆ ಮಾಡಿಸಿದ ಪ್ಲೈವುಡ್ ಟೇಬಲ್‌ಗಳ ಅಂಚು ಊದಿಕೊಂಡು ಸನ್‌ಮೈಕಾ ಎದ್ದು ಬರುತ್ತಿದೆ. ವಾಟರ್‌ಪ್ರೂಫ್ ಪ್ಲೈ ಎಂದು ಹೇಳಿಯೇ ಹಣ ತೆಗೆದುಕೊಂಡಿದ್ದರು. ಕೆಲವಕ್ಕೆ ಗೆದ್ದಲೂ ಹಿಡಿದಿದೆ. ಎಲ್ಲವನ್ನೂ ಎಸೆಯಬೇಕೇ?
(ಓದುಗರು, ಚನ್ನಗಿರಿ)

ಉತ್ತರ: ಹಲಗೆಯ ಮೇಲಿರುವ ಮುದ್ರೆಯನ್ನು ಮೊದಲು ನೋಡಿ. ಐ.ಎಸ್. 303 ಜೊತೆಗೆ ಎಂ.ಆರ್. ಎಂದಿದ್ದರೆ ಅದು ತೇವ ತಡೆಯುವ ಪ್ಲೈ ಮಾತ್ರ, ಒಣಗಿದ ಕೋಣೆಯ ಕಪಾಟಿಗೆ ಸಾಕು. ನೀರು ತಾಗುವ ಕಡೆ ಬೇಕಾದದ್ದು ಕುದಿಯುವ ನೀರಿಗೂ ಬಿಡದ ಅಂಟಿನ ಐ.ಎಸ್. 710. ಅಂಗಡಿಯ ಮಾತಿನಲ್ಲಿ ಎರಡೂ ವಾಟರ್‌ಪ್ರೂಫ್ ಆಗಿಬಿಡುತ್ತವೆ. 710 ಆಗಿದ್ದರೂ ಕತ್ತರಿಸಿದ ಅಂಚನ್ನು ಮತ್ತು ಸ್ಕ್ರೂ ತೂತುಗಳನ್ನು ಮುಚ್ಚದೆ ಬಿಟ್ಟರೆ ನೀರು ಅಲ್ಲಿಂದಲೇ ಒಳಗೆ ಇಳಿಯುತ್ತದೆ. ಮೇಲಿನ ಸನ್‌ಮೈಕಾ ಎಷ್ಟು ಒಳ್ಳೆಯದಾದರೂ ಪ್ರಯೋಜನವಿಲ್ಲ.

ಗೆದ್ದಲು ಹಿಡಿದವನ್ನು ಉಳಿದವುಗಳಿಂದ ಇಂದೇ ಬೇರೆ ಮಾಡಿ, ತಟ್ಟಿದಾಗ ಟೊಳ್ಳು ಸದ್ದು ಬರುವ ಹಲಗೆಗಳನ್ನು ಸುಟ್ಟುಬಿಡಿ. ಟೇಬಲ್‌ಗಳನ್ನು ಹೊರಗೋಡೆಗೆ ಒರಗಿಸಿ ನೆಲಕ್ಕೆ ನೇರವಾಗಿ ನಿಲ್ಲಿಸಿದ್ದರೆ, ಹುಳು ಬಂದ ದಾರಿ ಅದೇ ಇರಬೇಕು. ಮುಂದೆ ಗೋಡೆಯಿಂದ ಅರ್ಧ ಅಡಿ ದೂರ, ಕಬ್ಬಿಣದ ಚೌಕಟ್ಟಿನ ಮೇಲೆ ನಿಲ್ಲಿಸಿ. ಅಂಚು ಮಾತ್ರ ಊದಿರುವ ಹಲಗೆಗಳನ್ನು ಎಸೆಯಬೇಡಿ. ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಊದಿದ ಭಾಗವನ್ನು ಗರಗಸದಿಂದ ನೇರವಾಗಿ ಕತ್ತರಿಸಿ, ಕತ್ತರಿಸಿದ ಅಂಚಿಗೆ ಎರಡು ಸಲ ಮರದ ಅಂಟು ಬಳಿದು, ಅದರ ಮೇಲೆ ಅಲ್ಯುಮಿನಿಯಂ ಪಟ್ಟಿ ಹೊಡೆಸಿ. 18 ಅಂಗುಲದ ಟೇಬಲ್ 16 ಅಂಗುಲಕ್ಕೆ ಇಳಿಯುತ್ತದೆ, ಎಲೆಗೆ ಸಾಲದು. ಅಂಥವನ್ನು ಪಂಕ್ತಿಯಲ್ಲಿ ಹಾಕದೆ, ಪ್ರತಿ ಓಣಿಯ ಬಾಯಲ್ಲಿ ಒಂದೊಂದರಂತೆ, ಬಡಿಸುವವರು ಬಕೆಟ್ಟು ಇಳಿಸಿ ಸೌಟು ಬದಲಿಸಿಕೊಳ್ಳುವ ಟೇಬಲ್ ಮಾಡಿಕೊಳ್ಳಿ. ಅನೇಕ ಹಾಲ್‌ಗಳಲ್ಲಿ ಅದಕ್ಕೆ ಜಾಗವನ್ನೇ ಬಿಟ್ಟಿರುವುದಿಲ್ಲ, ಸಾರಿನ ಬಕೆಟ್ಟು ನೆಲದ ಮೇಲೆ, ಓಡಾಡುವವರ ಕಾಲ ಬಳಿ ಕೂತಿರುತ್ತದೆ.